ಒಂದೇ ಹೆಸರಿನ ಎರಡು ನಳಿಕೆ

ಅಂಗಡಿ ಬೀದಿಯ ಮಹಡಿ ಮೇಲಿನ ಬ್ಯೂಟಿ ಪಾರ್ಲರಿನಲ್ಲಿ ಹೊಸ ಯಂತ್ರವೊಂದು ಗುಂಯ್ ಎನ್ನುತ್ತಿತ್ತು. ರಕ್ತವನ್ನು ಗಿರ್ರನೆ ತಿರುಗಿಸಿ, ಕೆಂಪನ್ನು ಕೆಳಗೆ ಕೂರಿಸಿ, ಹಳದಿ ಪ್ಲಾಸ್ಮಾವನ್ನು ಮೇಲೆ ತರುವ ಯಂತ್ರ. ಆ ಹಳದಿಯನ್ನು ಅವರವರ ನೆತ್ತಿಗೇ ಚುಚ್ಚಿದರೆ ತೆಳುವಾದ ಕೂದಲು ದಟ್ಟವಾಗುತ್ತದಂತೆ. ವೈದ್ಯರು ಮಾಡಬೇಕಾದ ಕೆಲಸ. ಪಾರ್ಲರಿನವಳು ಎರಡೇ ದಿನದ ತರಬೇತಿಯಲ್ಲಿ ಕಲಿತು ಬಂದಿದ್ದಳು. ಅರೆಬೆಂದ ವಿದ್ಯೆಗೆ ಧೈರ್ಯ ಜಾಸ್ತಿ.

ಅಂದು ಬಂದವರು ಇಬ್ಬರು. ಒಬ್ಬಾಕೆ ಬ್ಯಾಂಕಿನ ಉದ್ಯೋಗಿ. ಬೈತಲೆ ಅಗಲವಾದಾಗಿನಿಂದ, ಕೌಂಟರಿನ ಮುಂದೆ ನಿಂತವರೆಲ್ಲ ತನ್ನ ನೆತ್ತಿಯನ್ನೇ ನೋಡುತ್ತಾರೆಂಬ ಕೊರಗು ಆಕೆಗೆ. ಇನ್ನೊಬ್ಬಳು ಪಾರ್ಲರಿನವಳ ಒಡಹುಟ್ಟಿದ ಅಕ್ಕ.

"ನನಗೆ ರಕ್ತದಿಂದ ಹರಡೋ ಲಿವರಿನ ಸೋಂಕಿದೆ, ಮಾತ್ರೆ ತಗೋತಿದೀನಿ," ಎಂದು ಬ್ಯಾಂಕಿನಾಕೆ ರಕ್ತ ಕೊಡುವಾಗಲೇ ಹೇಳಿದ್ದಳು. "ನನ್ನ ರಕ್ತ ನನಗೇ ತಾನೇ ವಾಪಸ್ ಬರೋದು?"

"ನಿಮ್ಮದು ನಿಮಗೇ ಅಕ್ಕಾ. ಏನೂ ಭಯ ಬೇಡ."

ಇಬ್ಬರ ನಳಿಕೆಗಳನ್ನೂ ಯಂತ್ರದಲ್ಲಿ ಎದುರುಬದುರಾಗಿ ಇಟ್ಟು ತಿರುಗಿಸಿದ್ದಾಯಿತು. ಬ್ಯಾಂಕಿನಾಕೆಯ ನೆತ್ತಿಗೆ ಚುಚ್ಚಿದ್ದೂ ಆಯಿತು. ಆಕೆ ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡು, ನಗುತ್ತಾ ಮೆಟ್ಟಿಲಿಳಿದಳು.

ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಮರಗಟ್ಟಿಸುವ ಮುಲಾಮು ನೆತ್ತಿಯ ಮೇಲೆ ಮಿನುಗುತ್ತಿತ್ತು. "ಬೇಗ ಮುಗಿಸೇ. ನಿನ್ನನ್ನ ನಂಬಿ ತಲೆ ಕೊಟ್ಟಿದೀನಿ."

ಪಾರ್ಲರಿನವಳು ಉಳಿದ ನಳಿಕೆಯಿಂದ ಸಿರಿಂಜಿಗೆ ಹಳದಿಯನ್ನು ಎಳೆದಳು. ನಳಿಕೆಯ ಮೇಲೆ ಅವಳದೇ ಕೈಬರಹ: "ಅಕ್ಕ". ಆಗ ಕಸದ ಡಬ್ಬಿಯಲ್ಲಿದ್ದ ಖಾಲಿ ನಳಿಕೆ ಕಣ್ಣಿಗೆ ಬಿತ್ತು. ಅದರ ಮೇಲೂ "ಅಕ್ಕ". ಬಂದವರನ್ನೆಲ್ಲ ಅಕ್ಕಾ ಅಕ್ಕಾ ಎಂದು ಕರೆದ ಬಾಯಿಯ ಅಭ್ಯಾಸವೇ ಕೈಗೂ ಇಳಿದಿತ್ತು. ಯಾರದು ಯಾರಿಗೆ ಹೋಯಿತು? ಹಳದಿಗೆ ಗುರುತಿಲ್ಲ.

ಅವಳು ಸಿರಿಂಜನ್ನು ಕೆಳಗಿಟ್ಟು ನಡೆದದ್ದನ್ನು ಹೇಳಿದಳು. ಅಕ್ಕ ಗಡಬಡಿಸಿ ಎದ್ದಳು.

"ಸದ್ಯ, ನನಗೆ ಚುಚ್ಚಲಿಲ್ಲವಲ್ಲ! ಅದನ್ನ ಚೆಲ್ಲಿ ಸುಮ್ನಿರು. ಬಾಯಿಬಿಟ್ಟರೆ ನಾಳೆಯಿಂದ ಅಂಗಡಿಗೆ ಬೀಗ."

"ಆಕೆಗೆ ಹೋಗಿರೋದು ನಿನ್ನ ರಕ್ತ ಆಗಿದ್ರೆ?"

"ಆಗಿದ್ರೆ ಆಗಲಿ. ನನಗೇನು ರೋಗವೇ?"

"ಕೂದಲು ಉದುರ್ತಿದೆ, ಸುಸ್ತು ಸುಸ್ತು ಅಂತ ವರ್ಷದಿಂದ ಹೇಳ್ತಿದೀಯ. ಒಂದು ದಿನವಾದ್ರೂ ಡಾಕ್ಟರಿಗೆ ತೋರಿಸಿದೀಯಾ? ನಾನಾದ್ರೂ ಕೇಳಿದ್ನಾ?"

ತಂಗಿ ಒಂದೇ ಉಸಿರಿಗೆ ಮೆಟ್ಟಿಲಿಳಿದು ಓಡಿದಳು.

ಬ್ಯಾಂಕಿನಾಕೆ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ವಿಷಯ ಕೇಳುತ್ತಿದ್ದಂತೆ ಮುಖದ ನಗು ಆರಿತು. ನೆತ್ತಿ ಮುಟ್ಟಲು ಎತ್ತಿದ ಕೈ ಅರ್ಧದಲ್ಲೇ ನಿಂತಿತು.

"ಹಾಗಾದ್ರೆ ನನ್ನೊಳಗೆ ಹೋಗಿರೋದು ಏನು?"

"ಗೊತ್ತಿಲ್ಲ. ಸುಳ್ಳು ಹೇಳಲಾರೆ. ಆಸ್ಪತ್ರೆಗೆ ಹೋಗೋಣ, ಅಲ್ಲಿ ಎಲ್ಲಾ ನಾನೇ ಹೇಳ್ತೀನಿ."

"ನನ್ನ ಸೋಂಕನ್ನ ಮುಚ್ಚಿಡದೆ ಹೇಳಿದ್ದೆನಲ್ಲಾ ನಾನು..." ಎಂದಳು ಆಕೆ.

ಹಿಂದಿನಿಂದ ಚಪ್ಪಲಿಯ ಸದ್ದು. ಮುಲಾಮು ಮೆತ್ತಿದ ತಲೆಯಲ್ಲೇ ಅಕ್ಕ ನಡುಬೀದಿಗೆ ಬಂದಿದ್ದಳು. ಜನ ತಿರುಗಿ ನೋಡುತ್ತಿದ್ದರು. ಅವಳು ತಲೆಗೆ ಸೆರಗನ್ನೂ ಹೊದೆಯಲಿಲ್ಲ.

"ಮೊದಲು ನನ್ನ ರಕ್ತ ಪರೀಕ್ಷೆ ಮಾಡಿಸಿ," ಎಂದಳು ಬ್ಯಾಂಕಿನಾಕೆಗೆ. "ನನ್ನಲ್ಲಿ ಏನಿದೆ ಅನ್ನೋದು ನಿಮಗೆ ಗೊತ್ತಾಗಬೇಕು."