ಬೆಂದುಹೋದ ಬೀಜ

ಬಿತ್ತನೆಗೆಂದು ಇಟ್ಟಿದ್ದ ಬೀನ್ಸ್ ಕಾಳನ್ನು ಶುಕ್ರವಾರ ನಾನು ಬೇಯಿಸಿಬಿಟ್ಟೆ. ಡಬ್ಬಿ ಬೇಳೆಯ ಪಕ್ಕದಲ್ಲೇ ಇತ್ತು, ತೆಗೆದು ಸುರಿದೆ. ಮನೆಮಂದಿಯೆಲ್ಲ ಬಾಯಿ ಚಪ್ಪರಿಸಿಕೊಂಡು ತಿಂದಾದ ಮೇಲೆ ಅತ್ತೆ ಖಾಲಿ ಡಬ್ಬಿ ಎತ್ತಿ ತೋರಿಸಿದರು. ಮುಚ್ಚಳದ ಮೇಲೆ ಅವರದೇ ಅಕ್ಷರದಲ್ಲಿ ‘ಬೀಜ’ ಎಂದು ಬರೆದಿತ್ತು. ಅವರ ಅಮ್ಮನ ಕಾಲದಿಂದ ಬಂದ ಕೆಂಪು ಚುಕ್ಕೆಯ ಕಾಳು, ಯಾವ ಅಂಗಡಿಯಲ್ಲೂ ಸಿಗದು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಅತ್ತೆ ಬೈಯಲಿಲ್ಲ. ಬೈಯುವ ಅತ್ತೆಗಿಂತ ಬೈಯದ ಅತ್ತೆಯೆಂದರೇ ನನಗೆ ಭಯ ಜಾಸ್ತಿ.

“ಭಾನುವಾರ ಸಂತೆಗಳಲ್ಲಿ ಹುಡುಕೋಣ. ನೀನೇ ಕಾರು ಓಡಿಸು,” ಅಂದರು, ಅಷ್ಟೇ.

ನಮ್ಮ ಬೆಟ್ಟದ ರಸ್ತೆಯಲ್ಲಿ ಭಾನುವಾರ ಮೂರು ಕಡೆ ರೈತರು ಸಂತೆ ಹಾಕುತ್ತಾರೆ. ತುದಿಯ ಸಂತೆಯಲ್ಲಿ ಅತ್ತೆಯ ತಂಗಿ, ನಮ್ಮ ಚಿಕ್ಕತ್ತೆ, ತರಕಾರಿ ಮಾರುತ್ತಾರೆ. ಅದೇ ಬೀಜ ಅವರಲ್ಲಿ ಇದ್ದೇ ಇರುತ್ತದೆ. ಆದರೆ ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷ. ಕಾರಣ ಕೇಳಿ ನಗಬೇಡಿ. ಅಕ್ಕ ಬೆಳೆಯೋ ಬೀನ್ಸ್ ಬರೀ ನಾರು ಎಂದು ತಂಗಿ ನಾಲ್ಕು ಜನರ ಮುಂದೆ ಅಂದಿದ್ದರಂತೆ.

“ಅವಳ ಮುಂದೆ ಕೈಚಾಚೋ ಮಾತೇ ಇಲ್ಲ,” ಅಂದುಕೊಂಡೇ ಅತ್ತೆ ಕಾರು ಹತ್ತಿದರು. ತೊಡೆಯ ಮೇಲೊಂದು ಬಟ್ಟೆಚೀಲ. ಹಿಂದಿನ ಸೀಟಿನಲ್ಲಿ ಇಡುತ್ತೇನೆಂದರೂ ಬಿಡಲಿಲ್ಲ.

ಮೊದಲ ಸಂತೆ ಬಸ್ ನಿಲ್ದಾಣದ ಹಿಂದೆ. ಟಾರ್ಪಾಲಿನ ಕೆಳಗೆ ಆಲೂಗಡ್ಡೆ ರಾಶಿ, ಇನ್ನೂ ಮಣ್ಣು ಆರದ ಕ್ಯಾರೆಟ್ಟು, ಜೇನಿನ ಬಾಟಲಿಗಳು. ನಾನು ಅಂಗಡಿಯಿಂದ ಅಂಗಡಿಗೆ ಓಡಾಡಿದೆ. ಎಲ್ಲರ ಹತ್ತಿರವೂ ಬಿಳಿ ಕಾಳು. ಅತ್ತೆ ಕನ್ನಡಕವನ್ನೂ ಹಾಕಿಕೊಳ್ಳದೆ “ಇದಲ್ಲ” ಅಂದರು. ಎರಡನೆಯದು ಸೇತುವೆಯ ಪಕ್ಕ. ಅಲ್ಲಿಯೂ ಅದೇ ಕಥೆ, ಸಾಲದ್ದಕ್ಕೆ ಒಬ್ಬ ಸೇಬಿನವನ ಜೊತೆ ಅತ್ತೆಯ ಸುಮ್ಮಸುಮ್ಮನೆ ಜಗಳ.

“ಮನೆಗೆ ಹೋಗೋಣ್ವಾ ಅತ್ತೆ?”

ಅವರು ಇಳಿಯುವ ದಾರಿಯನ್ನೊಮ್ಮೆ ನೋಡಿ, ಚೀಲವನ್ನು ಎದೆಗೊತ್ತಿಕೊಂಡರು. ಆಮೇಲೆ, “ಮೇಲಕ್ಕೆ ಹೋಗು” ಅಂದರು.

ಮೂರನೆಯ ಸಂತೆ ಶಾಲೆಯ ಮೈದಾನದಲ್ಲಿ. ಚಿಕ್ಕತ್ತೆ ಕ್ರೇಟಿನಲ್ಲಿ ಬೀನ್ಸ್ ಜೋಡಿಸುತ್ತಿದ್ದರು. ಅತ್ತೆ ಪಕ್ಕದ ಅಂಗಡಿಯ ಕುಂಬಳಕಾಯಿಗಳನ್ನು ಜನ್ಮದಲ್ಲೇ ಕಂಡಿಲ್ಲವೆಂಬಂತೆ ನೋಡುತ್ತ ನಿಂತರು. ನಾನೇ ಹೋಗಿ ತಪ್ಪೊಪ್ಪಿಕೊಂಡು ಬೀಜ ಕೇಳಿದೆ.

ಚಿಕ್ಕತ್ತೆ ನನ್ನ ಭುಜದಾಚೆ ಕಣ್ಣು ಹಾಯಿಸಿದರು. “ಬೀಜ ನಾನು ಮಾರಲ್ಲ. ಬೇಕಾದವರು ಬಾಯಿಬಿಟ್ಟು ಕೇಳಲಿ.”

ಅತ್ತೆ ದಡದಡ ಬಂದರು. ಕ್ರೇಟಿನಿಂದ ಒಂದು ಬೀನ್ಸ್ ಎತ್ತಿ ಮುರಿದು, ಉದ್ದಕ್ಕೂ ನಾರು ಎಳೆದು ತಂಗಿಯ ಮೂಗಿನ ಮುಂದೆ ಹಿಡಿದರು.

“ಇದೇನೇ? ನಿಂದೂ ನಾರೇ!”

“ಅಮ್ಮನ ಬೀಜ ತಾನೇ ಅಕ್ಕಾ? ನಾರಿಲ್ದೆ ಇನ್ನೇನಿರುತ್ತೆ?”

ಇಬ್ಬರೂ ಮುಖ ಗಂಟಿಕ್ಕಿಕೊಂಡು ನಿಂತರು. ಮೊದಲು ನಕ್ಕಿದ್ದು ಯಾರೋ ಗೊತ್ತಿಲ್ಲ. ಆಮೇಲೆ ನಗು ಯಾವುದು, ಅಳು ಯಾವುದು ಅಂತಲೂ ತಿಳಿಯಲಿಲ್ಲ.

“ಒಂದು ಹಿಡಿ ಬೀಜ ಕೊಡೇ,” ಅಂದರು ಅತ್ತೆ.

ತಂಗಿ ಎರಡು ಹಿಡಿ ಕೊಟ್ಟರು. ಆಗ ಅತ್ತೆ ಚೀಲದಿಂದ ಒಂದು ನೀಲಿ ಸ್ವೆಟರ್ ತೆಗೆದು ತಂಗಿಯ ಬೆನ್ನಿಗೆ ಹಿಡಿದು, “ದಪ್ಪ ಆಗಿದೀಯ, ಬಿಗಿಯಾಗುತ್ತೆ” ಎಂದು ಗದರಿದರು. ನನ್ನ ಗಂಡನಿಗೆಂದು ಹೇಳಿಕೊಂಡು ಎರಡು ತಿಂಗಳು ಹೆಣೆದ ಸ್ವೆಟರ್ ಅದು.

ಇಳಿಯುವ ದಾರಿಯಲ್ಲಿ ನನ್ನ ತಲೆಗೆ ಹೊಳೆಯಿತು. ನಾನು ಕಾಳು ಬೇಯಿಸಿದ್ದು ಮೊನ್ನೆ ಶುಕ್ರವಾರ, ಸ್ವೆಟರ್ ಶುರುವಾಗಿದ್ದು ಎರಡು ತಿಂಗಳ ಹಿಂದೆ.

“ಅತ್ತೆ, ಬೀಜದ ಡಬ್ಬಿ ಯಾವಾಗ್ಲೂ ಅಟ್ಟದಲ್ಲಿ ಇರುತ್ತಲ್ವಾ? ಅಡುಗೆಮನೆಗೆ ಹೇಗೆ ಬಂತು?”

ಅತ್ತೆ ಕಿಟಕಿಯಾಚೆ ನೋಡಿದರು. “ನೀನು ಮುಚ್ಚಳ ಓದಲ್ಲ ಅಂತ ಗೊತ್ತಿತ್ತು.”

“ಅಯ್ಯೋ! ಎರಡು ದಿನ ಊಟ ಸೇರಲಿಲ್ಲ ನನಗೆ! ಒಂದು ಹಿಡಿಯಾದ್ರೂ ಎತ್ತಿಡಬಾರದಿತ್ತಾ? ಚಿಕ್ಕತ್ತೆ ಕೊಡದೇ ಇದ್ದಿದ್ರೆ?”

ಅತ್ತೆ ಮಡಿಲಲ್ಲಿದ್ದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಒಂದು ಹಿಡಿ ಉಳಿಸ್ಕೊಂಡಿದ್ರೆ, ಸೇತುವೆ ಹತ್ರದಿಂದಲೇ ವಾಪಸ್ ಬಂದುಬಿಡ್ತಿದ್ದೆ ಕಣೇ.”