ಬಗ್ಗಿ ಹೋಗುವ ಬಾಗಿಲು

ಬಾಗೂರಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ವ್ಯಾಯಾಮದ ಮನೆಯೊಂದು ಬೇಕೇ ಬೇಕೆಂದು ಹಟ ಹಿಡಿದವರು ಡ್ರಿಲ್ ಮೇಷ್ಟ್ರು ಕಾಟಲಿಂಗಪ್ಪ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮರುವರ್ಷ ಅದು. ಊರವರು ಕಲ್ಲು ಕೊಟ್ಟರು, ಗಾಡಿ ಕಟ್ಟಿದರು, ಹೆಂಗಸರು ಮಣ್ಣು ಹೊತ್ತರು. ಮನೆ ಹೇಗಿರಬೇಕು ಅನ್ನುವುದು ಮಾತ್ರ ಮೇಷ್ಟ್ರಿಗೇ ಬಿಟ್ಟದ್ದು. ಜವನಗೊಂಡನಹಳ್ಳಿಯ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದ ಪೈಲ್ವಾನರಿಗೆ ಬುದ್ಧಿ ಹೇಳುವ ಗಂಡು ಊರಲ್ಲಿ ಯಾರಿದ್ದರು?

"ಒಂದು ಮಗು ಬಿದ್ರೂ ಚರ್ಮ ತರಚಬಾರ್ದು ಕಣ್ರಪ್ಪ" ಎನ್ನುತ್ತ ಅವರು ಕೆಮ್ಮಣ್ಣನ್ನು ತಾವೇ ಜರಡಿ ಹಿಡಿದು, ಎಣ್ಣೆ ಮಜ್ಜಿಗೆ ಬೆರೆಸಿ, ಹಿಟ್ಟಿನ ಹಾಗೆ ಹದ ಮಾಡಿದರು. ಸೂರಿನ ಹಗ್ಗಕ್ಕೆ ಮೊದಲು ತಾವೇ ಜೋತುಬಿದ್ದು ನೋಡಿದರು. ಮರದ ಕಂಬಿಗಳನ್ನು ಸಿಬಿರು ಏಳದಂತೆ ಉಜ್ಜಿ ಉಜ್ಜಿ ಬಡಗಿಯ ತಾಳ್ಮೆ ಕೆಡಿಸಿದರು.

ಇಷ್ಟೆಲ್ಲ ಒದ್ದಾಟಕ್ಕೆ ಮೂಲ ನಾಲ್ಕನೇ ಕ್ಲಾಸಿನ ದುರುಗಿ. ಕುರುಬರಹಟ್ಟಿಯ ಓಬಕ್ಕನ ಮಗಳು. ಎಳವೆಯಲ್ಲೇ ಪೋಲಿಯೋ ಬಂದು ಬಲಗಾಲು ಸೊರಗಿತ್ತು. ಮೊಣಕಾಲಿನ ಮೇಲೆ ಕೈ ಒತ್ತಿಕೊಂಡು ಹಟ್ಟಿಯಿಂದ ಶಾಲೆಗೆ ನಡೆದೇ ಬರುತ್ತಿದ್ದಳು. ಚಿತ್ರದುರ್ಗದ ಆಸ್ಪತ್ರೆಯ ಡಾಕ್ಟರು, ದಿನಾ ಎರಡು ಕಂಬಿ ಹಿಡಿದು ನಡೆಸಿದರೆ ಕಾಲಿಗೆ ಬಲ ಬಂದೀತು, ಬಿಟ್ಟರೆ ಇನ್ನೂ ಒಣಗೀತು ಎಂದಿದ್ದರು. ಮೇಷ್ಟ್ರು ಅವಳ ಸೊಂಟದ ಎತ್ತರ ಅಳೆದು ಜೋಡಿ ಕಂಬಿ ನೆಡಿಸಿದ್ದರು. "ಇದು ನಿಂದೇ ಕಣವ್ವ" ಅಂದಾಗ ಆ ಹುಡುಗಿ ಹಲ್ಲು ಕಾಣುವಂತೆ ನಕ್ಕಿದ್ದಳು.

ಊರ ಗರಡಿಯ ಉಸ್ತಾದ್ ಗುಡ್ಡಪ್ಪನಿಗೆ ಇದು ಹಿಡಿಸಲಿಲ್ಲ. "ಹೆಣ್ಮಕ್ಳು ಗರಡಿಗೆ ಕಾಲಿಡಾದು ಎಲ್ಲಾದ್ರೂ ಐತೇನಪ್ಪ?"

"ಇದು ಗರಡಿ ಅಲ್ಲ ಗುಡ್ಡಣ್ಣ, ಇಸ್ಕೂಲು" ಎಂದು ಮೇಷ್ಟ್ರು ಅವನ ಬಾಯಿ ಮುಚ್ಚಿಸಿದರು.

ಬಾಯಲ್ಲಿ ಇಸ್ಕೂಲು, ಕೈಯಲ್ಲಿ ಗರಡಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ. ಬಾಗಿಲ ವಿಷಯ ಬಂದಾಗ ಮೇಷ್ಟ್ರು ಯೋಚನೆಯನ್ನೇ ಮಾಡಲಿಲ್ಲ. ಗರಡಿಗೆ ಯಾವನೂ ಸೆಟೆದುಕೊಂಡು ಹೋಗಬಾರದು, ಹನುಮಪ್ಪನ ಮುಂದೆ ತಲೆ ಬಗ್ಗಿಸಿಯೇ ಹೋಗಬೇಕು. ಅದಕ್ಕೇ ಸೊಂಟದೆತ್ತರದ ಬಾಗಿಲು, ಮೊಣಕಾಲುದ್ದ ಕಲ್ಲಿನ ಹೊಸ್ತಿಲು, ದಾಟಿದರೆ ಒಳಗೆ ತಗ್ಗು. ಇಲ್ಲೂ ಹನುಮಪ್ಪನ ಪಟ ತೂಗಿಸಿ, ಅದೇ ಬಾಗಿಲು ಇಡಿಸಿದರು. ವ್ಯಾಯಾಮದ ಮನೆಗೆ ಬೇರೆ ಥರದ ಬಾಗಿಲನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲವಾಗಿ ಯಾರಿಗೂ ಅದು ತಪ್ಪೆನಿಸಲಿಲ್ಲ.

ಕಾಯಿ ಒಡೆದ ದಿನ ಊರೆಲ್ಲ ಸೇರಿತ್ತು. ಮಕ್ಕಳು ಇಲಿಗಳ ಹಾಗೆ ಬಗ್ಗಿ ಒಳಗೆ ನುಗ್ಗಿದರು. ಹೊಸ ಲಂಗ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದ ದುರುಗಿ ಮಾತ್ರ ಹೊಸ್ತಿಲ ಮುಂದೆ ನಿಂತುಬಿಟ್ಟಳು. ಕೈ ಮೊಣಕಾಲು ಬಿಟ್ಟರೆ ನಿಲ್ಲಲಾಗದು. ಬಗ್ಗಿದರೆ ಕಾಲು ಎತ್ತಲಾಗದು. ಒಮ್ಮೆ ಪ್ರಯತ್ನಿಸಿದಳು, ತೂರಾಡಿದಳು. ಎಲ್ಲರ ಕಣ್ಣು ಮೊದಲು ಅವಳ ಮೇಲೆ, ಆಮೇಲೆ ಬಾಗಿಲ ಮೇಲೆ, ಆಮೇಲೆ ಮೇಷ್ಟ್ರ ಮೇಲೆ.

ಮೇಷ್ಟ್ರ ಮುಖ ಕಾದ ಹಂಚಾಯಿತು. ಹಿಂದುಮುಂದು ನೋಡದೆ ಅವಳ ಕಂಕುಳಿಗೆ ಕೈ ಹಾಕಿ, ಕುರಿಮರಿಯನ್ನು ಎತ್ತುವಂತೆ ಎತ್ತಿ ಒಳಗೆ ಇಳಿಸಿಬಿಟ್ಟರು.

"ಭಲೇ ಮೇಷ್ಟ್ರೇ!" ಎಂದು ಯಾರೋ ಕೂಗಿದರು. ಚಪ್ಪಾಳೆ ಬಿತ್ತು.

ದುರುಗಿ ಕಂಬಿಯ ಕಡೆ ನೋಡಲೇ ಇಲ್ಲ. ಕೆಂಪಾದ ಕಣ್ಣಿನಿಂದ ಮೇಷ್ಟ್ರನ್ನೇ ನೋಡುತ್ತ ಕೇಳಿದಳು: "ಸಾ, ಈಗ ನಾನು ಹೊರಗ್ ಹೆಂಗೆ ಹೋಗ್ಲಿ?"

ಅವರು ಮತ್ತೆ ಕೈ ಚಾಚುವಷ್ಟರಲ್ಲಿ ಹುಡುಗಿ ಮಣ್ಣಿಗೆ ಕೂತು, ಅಂಬೆಗಾಲಿಟ್ಟು, ಹೊಸ ಲಂಗವನ್ನು ಕೆಮ್ಮಣ್ಣಲ್ಲಿ ಎಳೆಯುತ್ತ, ಹೊಸ್ತಿಲ ಮೇಲೆ ಹೊಟ್ಟೆ ಊರಿ ಹೊರಳಿ ಊರವರೆಲ್ಲರ ಕಾಲಬುಡದಲ್ಲಿ ಹೊರಗೆ ಬಂದಳು. ಎದ್ದು ನಿಂತಳು. ಕೈಯನ್ನು ಮೊಣಕಾಲಿಗೆ ಒತ್ತಿಕೊಂಡು ಹಟ್ಟಿಯ ದಾರಿ ಹಿಡಿದಳು. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು ಮೇಷ್ಟ್ರಿಗೆ.

ಮಾರನೆಯ ದಿನ ಅವಳು ಶಾಲೆಗೆ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಕೊನೆಗೆ ಮೇಷ್ಟ್ರೇ ಹಟ್ಟಿಗೆ ಹೋದರು. ಓಬಕ್ಕ ಕಂಬಳಿ ಹಾಸಿದಳು. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ." ಚೊಂಬಿನಲ್ಲಿ ಮಜ್ಜಿಗೆ ಕೊಟ್ಟಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅವಳ್ನ ಎತ್ತಾದು ನಾನೇ ಬಿಟ್ಟು ಬಾಳ ದಿನ ಆತು. ಬೀಳ್ತಾಳೆ, ಏಳ್ತಾಳೆ. ಯಾರೂ ಮುಟ್ಟಂಗಿಲ್ಲ. ನಿಮ್ಗೇನು ಗೊತ್ತು, ಬಿಡ್ರಿ" ಎಂದಳು ಓಬಕ್ಕ.

"ಗೊತ್ತಿತ್ತು ಓಬಕ್ಕ."

ನಿಜಕ್ಕೂ ಗೊತ್ತಿತ್ತು. ಶಾಲೆಯ ಮೆಟ್ಟಿಲ ಹತ್ತಿರ ಕೈ ಕೊಡಲು ಹೋದ ಗೆಳತಿಯರನ್ನು ಅವಳು ತಳ್ಳುವುದನ್ನು ಎಷ್ಟು ಸಲ ಕಂಡಿರಲಿಲ್ಲ! ಮೇಷ್ಟ್ರು ಅವಳನ್ನು ಎತ್ತಿದ್ದು ಅವಳಿಗಾಗಿ ಅಲ್ಲ. ತಮ್ಮ ಬಾಗಿಲಿನ ಮಾನ ಉಳಿಸಿಕೊಳ್ಳಲು. ಚಪ್ಪಾಳೆ ಬಿದ್ದಾಗ ಒಂದು ಕ್ಷಣ ಹಿತವೂ ಆಗಿತ್ತು. ಆ ಹಿತ ನೆನೆದರೆ ಈಗ ಮೈ ಮೇಲೆ ಹುಳ ಹರಿದಂತಾಗುತ್ತಿತ್ತು. ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದ ದುರುಗಿ ತಿರುಗಲಿಲ್ಲ.

ಮರುದಿನ ಬೆಳಿಗ್ಗೆಯೇ ಮೇಷ್ಟ್ರು ಹಾರೆ ಹಿಡಿದು ಹೊಸ್ತಿಲು ಕಿತ್ತರು. ಮೇಲಿನ ಕಲ್ಲು ಇಳಿಸಿದರು. ಗುಡ್ಡಪ್ಪ ಓಡಿಬಂದು ಅರಚಿದ. "ಲೇ, ಹನುಮಪ್ಪನ ಮುಂದೆ ಸೆಟೆದು ನಿಂತು ಹೋಗ್ತಾರೇನೋ?"

"ಆ ಹುಡುಗಿ ನಿಂತು ನಡೆಯಾದೇ ಹೆಚ್ಚು ಗುಡ್ಡಣ್ಣ. ಹನುಮಪ್ಪಂಗೆ ಅದು ತಿಳಿತೈತೆ. ನಂಗೇ ತಿಳಿಲಿಲ್ಲ." ಆ ಮೇಲೆ ಹೊರಗಿಂದ ಒಳತನಕ ಮಣ್ಣು ತುಂಬಿ, ದಮ್ಮಸ್ಸು ಹೊಡೆದು ಗಟ್ಟಿ ಮಾಡಿ, ಸಣ್ಣ ಇಳಿಜಾರು ಮಾಡಿದರು. ಊರವರು ನಕ್ಕರು, ನಗಲಿ ಎಂದು ಬಿಟ್ಟರು.

ಸುದ್ದಿ ಹಟ್ಟಿಗೆ ಮುಟ್ಟಿರಬೇಕು. ಒಂದು ಸಂಜೆ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ ದುರುಗಿ ಬಂದಳು. ಹೊಸ ಲಂಗವಲ್ಲ, ಹಳೆಯದು. ಬಾಗಿಲ ಮುಂದೆ ನಿಂತು ಕೆಳಗೆ ನೋಡಿದಳು, ಮೇಲೆ ನೋಡಿದಳು. ಕಾಲೆಳೆಯುತ್ತ ಒಳಗೆ ಹೋದಳು. ಮೇಷ್ಟ್ರ ಕಣ್ಣು ತುಂಬಿತು. ಹಿಂದೆಯೇ ಹೆಜ್ಜೆ ಇಟ್ಟರು.

"ಸಾ, ನೀವು ಬರಬ್ಯಾಡ್ರಿ."

ಮೇಷ್ಟ್ರು ಹೊರಗೇ ನಿಂತರು. ಒಳಗೆ ಕಂಬಿ ಕಿರುಗುಟ್ಟುವ ಸದ್ದು, ಅವಳ ಏದುಸಿರು, ಒಮ್ಮೆ ಧೊಪ್ಪನೆ ಬಿದ್ದ ಸದ್ದು ಕೇಳಿಸಿತು. ಅವರು ಕೈ ಕಟ್ಟಿಕೊಂಡು ಅಲ್ಲೇ ನಿಂತಿದ್ದರು.