ಗೀಸರಿನ ಕೆಳಗಿನ ಚೊಂಬು

ರಿಪೇರಿಯ ಮೂರ್ತಿ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರಿನ ಮುಚ್ಚಳ ಬಿಚ್ಚುತ್ತಿದ್ದ. ನಡುಮನೆಯಲ್ಲಿ ರುದ್ರಾಣಿಯನ್ನು ಗೋಡೆಗೊರಗಿಸಿ ಕೂರಿಸಿದ್ದರು. ಬೆಳಗಿನ ಜಾವ ನಿದ್ದೆಯಲ್ಲೇ ಜೀವ ಹೋಗಿತ್ತು.

ಹಿಂದಿನ ದಿನ ಮೂರ್ತಿಗೆ ಫೋನ್ ಮಾಡಿ ಬರಹೇಳಿದ್ದವಳು ಅವಳೇ. ಹೊಸ ಕಾಯಿಲನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದವನು ಗೇಟಿನ ಬಳಿ ಚಪ್ಪಲಿಗಳ ರಾಶಿ ಕಂಡು ಹಿಂದಿರುಗುವುದರಲ್ಲಿದ್ದ. ಪಂಚಾಕ್ಷರಯ್ಯನವರೇ ತಡೆದು ಒಳಗೆ ಕರೆದರು. ಹೆಂಡತಿಯ ಕೊನೆಯ ಸ್ನಾನಕ್ಕೆ ಗೀಸರಿನ ನೀರೇ ಆಗಬೇಕೆಂದು ಹಟ ಹಿಡಿದರು.

ಅವರ ಅಕ್ಕ ದಾಕ್ಷಾಯಣಮ್ಮನಿಗೆ ಇದು ಸರಿಬರಲಿಲ್ಲ. “ಅಯ್ನೋರು ಬರೋ ಹೊತ್ತಾಯ್ತು. ಒಲೆ ಮೇಲೆ ಒಂದು ಪಾತ್ರೆ ನೀರಿಟ್ರೆ ಆಗಲ್ವೇನೋ? ಸಾವಿನ ಮನೇಲಿ ಸ್ಪ್ಯಾನರ್ ಸದ್ದು ಏನು ಚೆಂದ?”

“ಎಲ್ಲರದ್ದೂ ಆದ್ಮೇಲೆ ಉಳಿದಿದ್ರಲ್ಲಿ ಸ್ನಾನ ಮಾಡ್ದೋಳು ಅವ್ಳು, ಅಕ್ಕಾ,” ಎಂದರು ಪಂಚಾಕ್ಷರಯ್ಯ. “ಇವತ್ತು ಮೊದಲು ಅವಳದ್ದಾಗ್ಲಿ.”

*

ಹೋದ ದೀಪಾವಳಿಯಿಂದ ಆ ಗೀಸರು ಸೋರುತ್ತಿತ್ತು. ಉರಿಯ ಮೇಲೆ ನೀರು ಸುತ್ತಿ ಬಿಸಿಯಾಗುವ ತಾಮ್ರದ ಕಾಯಿಲು ತೂತುಬಿದ್ದು, ಹನಿ ಬಿದ್ದಾಗಲೆಲ್ಲ ಉರಿ ನಂದುತ್ತಿತ್ತು. ಇಡೀ ಗೀಸರನ್ನೇ ಎಸೆದು ಹೊಸದು ತರೋಣವೆಂದು ಪಂಚಾಕ್ಷರಯ್ಯ ಹೇಳುತ್ತಿದ್ದರು.

“ಹೊಟ್ಟೆನೋವು ಅಂದ್ರೆ ಮನುಷ್ಯನ್ನೇ ಬದಲಾಯಿಸ್ತಾರೇನ್ರೀ? ಕಾಯಿಲ್ ಹಾಕ್ಸಿ ಸಾಕು,” ಎನ್ನುತ್ತಿದ್ದಳು ರುದ್ರಾಣಿ.

“ನಾಳೆ ನೋಡೋಣ.”

ಹೊಸದೂ ಬರಲಿಲ್ಲ, ಕಾಯಿಲೂ ಬರಲಿಲ್ಲ. ರುದ್ರಾಣಿ ಗೀಸರಿನ ಕೆಳಗೆ ಒಂದು ಹಿತ್ತಾಳೆ ಚೊಂಬಿಟ್ಟಳು. ರಾತ್ರಿಯೆಲ್ಲ ಹನಿದು ಅರ್ಧ ತುಂಬಿದ ನೀರನ್ನು ಬೆಳಿಗ್ಗೆ ಅಂಗಳದ ಬಿಲ್ವದ ಕುಂಡಕ್ಕೆ ಹುಯ್ಯುತ್ತಿದ್ದಳು. ಕೊನೆಗೆ ಅವಳ ಸ್ನಾನದ ಸರದಿ ಬರುವಾಗ ಉರಿ ಹತ್ತುತ್ತಲೇ ಇರಲಿಲ್ಲ. ಕೇಳಿದರೆ, ಬೆಚ್ಚಗಿದೆ ಬಿಡಿ ಎನ್ನುತ್ತಿದ್ದಳು.

*

ಮೂರ್ತಿ ಕೆಳಗಿದ್ದ ಚೊಂಬಿನ ನೀರನ್ನು ಬಚ್ಚಲಿಗೆ ಚೆಲ್ಲಿ, ಹಳೆಯ ಕಾಯಿಲನ್ನು ಕಳಚಿ ಹೊಸದನ್ನು ಕೂರಿಸಿದ. ಗ್ಯಾಸಿನ ಪೈಪಿನ ಸಂದಿಗೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳಲಿಲ್ಲವೆಂದು ಖಾತ್ರಿ ಮಾಡಿಕೊಂಡು ನಲ್ಲಿ ತಿರುಗಿಸಿದ. ಉರಿ ನೀಲಿಯಾಗಿ ಹತ್ತಿತು. ಪಂಚಾಕ್ಷರಯ್ಯ ಅದನ್ನೇ ನೋಡುತ್ತ ನಿಂತರು. ಬಕೆಟ್ಟು ತುಂಬಿದರೂ ಆರಲಿಲ್ಲ.

ದಾಕ್ಷಾಯಣಮ್ಮ ನೀರಿಗೆ ಬೆರಳದ್ದಿ ಥಟ್ಟನೆ ಎಳೆದುಕೊಂಡರು. “ಸುಡ್ತಾ ಇದೆ. ಒಂದು ತಂಬಿಗೆ ತಣ್ಣೀರು ಬೆರೆಸಿ,” ಎಂದರು. ದನಿ ಮೆತ್ತಗಾಗಿತ್ತು. ಹೆಂಗಸರು ಬಕೆಟ್ಟು ಎತ್ತಿಕೊಂಡು ಹೋದರು.

ಅಯ್ನೋರು ಬಂದಾಗ ರುದ್ರಾಣಿಯ ಕೂದಲಿನ್ನೂ ಒದ್ದೆಯಾಗಿತ್ತು. ಹಣೆಯ ತುಂಬ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ರುದ್ರಭೂಮಿಗೆ ಹೊತ್ತೊಯ್ದು ಮಣ್ಣು ಮಾಡಿದರು.

ಸಂಜೆ ಬಂದವರೆಲ್ಲ ಹೊರಟ ಮೇಲೆ ಪಂಚಾಕ್ಷರಯ್ಯ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಹನಿಯುವ ಸದ್ದಿಲ್ಲ. ಚೊಂಬು ಎಂದಿನ ಜಾಗದಲ್ಲೇ ಇತ್ತು, ಒಣಗಿ. ನೀರು ನಿಂತು ನಿಂತು ಒಳಗೆ ಅರ್ಧಕ್ಕೆ ಒಂದು ಹಸಿರು ಗೆರೆ ಬಿದ್ದಿತ್ತು. ಅವರು ತಣ್ಣೀರಿನ ನಲ್ಲಿ ಬಿಟ್ಟು, ಗೆರೆ ಮುಟ್ಟುತ್ತಲೇ ನಿಲ್ಲಿಸಿ, ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಬಿಲ್ವದ ಕುಂಡದತ್ತ ನಡೆದರು.